ಅಂತರರಾಷ್ಟ್ರೀಯ ಒಡಪು

‘ತೈವಾನ್, ಪೆಂಗ್ಹು, ಕಿನ್‌ಮೆನ್ ಮತ್ತು ಮಾತ್ಸುಗಳ ಪ್ರತ್ಯೇಕ ಸುಂಕ ಪ್ರದೇಶ.’ ಓದುವಾಗ ಉಸಿರು ಕಟ್ಟಿದರೆ ಸುಧಾರಿಸಿಕೊಳ್ಳಿ. ಯಾವುದೋ ಬಂದರಿನ ಗೋದಾಮಿಗೆ ತೂಗುಹಾಕಿದ ಬೋರ್ಡಿನಂತಿರುವ ಇದು 2002ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಸದಸ್ಯರೊಬ್ಬರ ಅಧಿಕೃತ ನಾಮಧೇಯ. ಈ ಸದಸ್ಯರಿಗೆ ಅಧ್ಯಕ್ಷರಿದ್ದಾರೆ, ಸಂಸತ್ತಿದೆ, ಸೈನ್ಯವಿದೆ, ಸ್ವಂತ ನೋಟಿದೆ, 2.3 ಕೋಟಿ ಜನರಿದ್ದಾರೆ. ದೇಶ ಅನ್ನುವ ಹಾಗಿಲ್ಲ, ಅಷ್ಟೆ. ಮೂರು ವಾರ ಮೊದಲು, 2001ರ ಡಿಸೆಂಬರ್ 11ಕ್ಕೆ, ಚೀನಾ ಒಳಗೆ ಬಂದು ಕೂತಾಗಿತ್ತು. ದೊಡ್ಡವರು ಕೂತಾದ ಮೇಲೆ ತಾನೇ ಸಣ್ಣವರಿಗೆ ಚಾಪೆ!

ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಮದುಮಗಳು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಹೂವು, ಹಣ್ಣು, ಬೆಳ್ಳಿ ಬಟ್ಟಲು ಎಲ್ಲವನ್ನೂ ಸುತ್ತಿ ಬಂದು ಒಡಪಿನ ಕೊನೆಗೆ ಹೆಸರನ್ನು ಮೆಲ್ಲಗೆ ಜಾರಿಸುತ್ತಾಳೆ. ಅಲ್ಲಿ ನಾಚಿಕೆಯಿರುತ್ತದೆ, ಸುತ್ತ ನಿಂತವರಿಗೆ ನಗುವಿರುತ್ತದೆ. ವ್ಯಾಪಾರ ಸಂಸ್ಥೆ ಇರುವ ಜಿನೀವಾದಲ್ಲಿ ಒಡಪು ಹೇಳಿಸುವುದು ಬೀಜಿಂಗಿನ ಭಯ.

ಒಡಪುಗಳಿಗೇನೂ ಕೊರತೆಯಿಲ್ಲ. ಒಲಿಂಪಿಕ್ಸ್‌ನಲ್ಲಿ 1981ರಿಂದ ‘ಚೈನೀಸ್ ತೈಪೆ’. ಟೋಕಿಯೋದಲ್ಲಿ ತೈವಾನಿನ ಬ್ಯಾಡ್ಮಿಂಟನ್ ಜೋಡಿ ಚೀನಾದ ಜೋಡಿಯನ್ನೇ ಸೋಲಿಸಿ ಚಿನ್ನ ಗೆದ್ದಾಗಲೂ ಮೇಲೇರಿದ್ದು ಅವರ ಒಲಿಂಪಿಕ್ ಸಮಿತಿಯ ಬಾವುಟ. ರಾಷ್ಟ್ರಗೀತೆಗೆ ಅವಕಾಶವಿಲ್ಲ, ಬೇರೊಂದು ಹಾಡು ನುಡಿಸಿ ಕಳಿಸಿದರು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಕಥೆ ಇನ್ನೂ ಸೊಗಸು. 1966ರಲ್ಲಿ ಬ್ಯಾಂಕು ಕಟ್ಟಿದವರಲ್ಲೇ ಒಬ್ಬರಾದ ಇವರನ್ನು 1986ರಲ್ಲಿ ಚೀನಾ ಸೇರಿದ ಕೂಡಲೇ ‘ತೈಪೆ, ಚೀನಾ’ ಎಂದು ಮರುನಾಮಕರಣ ಮಾಡಿದರು. ನಡುವಿನ ಅಲ್ಪವಿರಾಮವೊಂದೇ ಅವರ ಸ್ವಾತಂತ್ರ್ಯ. ಸಿಟ್ಟಿಗೆದ್ದ ಪ್ರತಿನಿಧಿಗಳು ಮೇಜಿನ ಮೇಲೆ ‘ಪ್ರತಿಭಟನೆಯೊಂದಿಗೆ’ ಎಂಬ ಫಲಕ ಇಟ್ಟುಕೊಂಡು ಸಭೆಯಲ್ಲಿ ಕೂತರು. ಏಷ್ಯಾ-ಪೆಸಿಫಿಕ್ ಆರ್ಥಿಕ ಕೂಟವಾದ ಅಪೆಕ್‌ನಲ್ಲಿ ಯಾರಿಗೂ ಮುಜುಗರ ಆಗದಿರಲೆಂದು ಎಲ್ಲ ದೇಶಗಳನ್ನೂ ‘ಆರ್ಥಿಕತೆ’ಗಳೆಂದು ಕರೆದರು. ಅಮೆರಿಕವೂ ಆರ್ಥಿಕತೆ, ಚೀನಾವೂ ಆರ್ಥಿಕತೆ. ಆದರೂ ತೈವಾನಿನ ಅಧ್ಯಕ್ಷರು ನಾಯಕರ ಸಭೆಗೆ ಕಾಲಿಡುವಂತಿಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದು ಚಿಪ್ ಉದ್ಯಮದ ಪಿತಾಮಹ, 92 ವರ್ಷದ ಮಾರಿಸ್ ಚಾಂಗ್. ಸೆಮಿಕಂಡಕ್ಟರ್ ಬೇಕಲ್ಲ, ಅದಕ್ಕೆ ಅಜ್ಜ ನಡೆಯುತ್ತದೆ.

ಇವೆಲ್ಲ ಸಣ್ಣವು. ನನಗೆ ಅತ್ಯಂತ ಪ್ರಿಯವಾದವು ಮೀನಿನ ಸಮಿತಿಗಳು. ದಕ್ಷಿಣದ ಬ್ಲೂಫಿನ್ ಟ್ಯೂನಾ ಮೀನನ್ನು ಕಾಪಾಡುವ ಆಯೋಗದ ವಿಸ್ತೃತ ಸಭೆಯಲ್ಲಿ ತೈವಾನ್ ಸದಸ್ಯ. ಯಾವ ಹೆಸರಿನಲ್ಲಿ? ‘ತೈವಾನಿನ ಮೀನುಗಾರಿಕಾ ಘಟಕ’! ಇಡೀ ಒಂದು ಜನಸಮುದಾಯಕ್ಕೆ ಬಲೆ ಬೀಸುವಷ್ಟು ಹೊತ್ತು ಮಾತ್ರ ಅಸ್ತಿತ್ವ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗವೂ ಇದೆ, ನಾವು ಅದರ ಸದಸ್ಯರು. ಅದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಕೂಸಾದ್ದರಿಂದ ಅಲ್ಲಿ ತೈವಾನಿಗೆ ಘಟಕದ ಭಾಗ್ಯವೂ ಇಲ್ಲ. ಈ ಸಾಗರದಲ್ಲಿ ಉದ್ದ ಗಾಳದ ಹಡಗುಗಳ ದೊಡ್ಡ ಪಡೆಯೊಂದನ್ನು ಇಟ್ಟುಕೊಂಡ ಅವರು ಸಭೆಗೆ ಬರುವುದು ‘ಆಹ್ವಾನಿತ ತಜ್ಞರು’ ಎಂಬ ವೇಷದಲ್ಲಿ. ಮೀನು ಹಿಡಿಯುವವರು ಅವರೇ, ಆ ಬಗ್ಗೆ ತಜ್ಞಾಭಿಪ್ರಾಯ ಕೊಡುವವರೂ ಅವರೇ, ಮತ ಹಾಕುವವರು ಮಾತ್ರ ಬೇರೆಯವರು.

ಈ ಉದಾರತೆಗೆ ಕಾರಣ ಸರಳ. ಟ್ಯೂನಾಗೆ ಒಂದೇ ಚೀನಾ ನೀತಿ ಗೊತ್ತಿಲ್ಲ. ಅಷ್ಟು ಹಡಗುಗಳನ್ನು ಹೊರಗಿಟ್ಟರೆ ಉಳಿದವರ ಕೋಟಾ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಎಲ್ಲಿ ತೈವಾನಿನಿಂದ ಜಗತ್ತಿಗೆ ಏನೋ ಬೇಕೋ ಅಲ್ಲಿ ಹೊಸ ಹೆಸರು ಹುಟ್ಟುತ್ತದೆ. ಎಲ್ಲಿ ತೈವಾನಿಗೆ ಜಗತ್ತಿನಿಂದ ಏನೋ ಬೇಕೋ ಅಲ್ಲಿ ಶಬ್ದಕೋಶ ಖಾಲಿ.

ವಿಶ್ವ ಆರೋಗ್ಯ ಸಂಸ್ಥೆಯನ್ನೇ ನೋಡಿ. 2009ರಿಂದ 2016ರವರೆಗೆ ‘ಚೈನೀಸ್ ತೈಪೆ’ ಎಂಬ ವೀಕ್ಷಕರಿಗೆ ವಾರ್ಷಿಕ ಸಭೆಗೆ ಕರೆಯೋಲೆ ಹೋಗುತ್ತಿತ್ತು. 2016ರಲ್ಲೇ ತೈವಾನಿನ ಮತದಾರರು ಬೀಜಿಂಗಿಗೆ ಒಗ್ಗದ ಪಕ್ಷವನ್ನು ಗೆಲ್ಲಿಸಿದರು. 2017ರಿಂದ ಕರೆಯೋಲೆ ನಿಂತಿತು. ವೈರಸ್ಸು ಮತಪಟ್ಟಿ ನೋಡಿಕೊಂಡೇ ದೇಹ ಪ್ರವೇಶಿಸುತ್ತದೆ ಎಂಬುದು ಸಂಸ್ಥೆಯ ಹೊಸ ಸಂಶೋಧನೆಯಿರಬೇಕು. 2020ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗಿನ ವಾಹಿನಿಯೊಂದರ ವರದಿಗಾರ್ತಿ ಸಂಸ್ಥೆಯ ಹಿರಿಯ ಸಲಹೆಗಾರರೊಬ್ಬರನ್ನು ವಿಡಿಯೋ ಕರೆಯಲ್ಲಿ ಕೇಳಿದರು: ತೈವಾನಿನ ಸದಸ್ಯತ್ವದ ಬಗ್ಗೆ ಮರುಯೋಚನೆ ಉಂಟೇ? ಸಾಹೇಬರು ಕಣ್ಣು ಮಿಟುಕಿಸುತ್ತ ಸುಮ್ಮನೆ ಕೂತರು. ಪ್ರಶ್ನೆ ಕೇಳಿಸಲಿಲ್ಲ ಎಂದರು. ಮತ್ತೆ ಕೇಳುತ್ತೇನೆ ಎಂದರೆ, ಬೇಡ, ಮುಂದಿನದಕ್ಕೆ ಹೋಗೋಣ ಎಂದರು. ಕೇಳಿಸದ ಪ್ರಶ್ನೆ ಬೇಡವೆಂದು ಅವರಿಗೆ ಹೇಗೆ ಗೊತ್ತಾಯಿತೋ! ಆಕೆ ಪಟ್ಟು ಬಿಡದಿದ್ದಾಗ ಕರೆಯೇ ಕಟ್ಟಾಯಿತು. ಮತ್ತೆ ಫೋನಾಯಿಸಿ, ತೈವಾನ್ ವೈರಸ್ಸನ್ನು ಹೇಗೆ ನಿಭಾಯಿಸಿದೆ ಎಂದು ಕೇಳಿದರೆ, ಚೀನಾ ಬಗ್ಗೆ ಆಗಲೇ ಮಾತಾಡಿದೆವಲ್ಲ ಎಂಬ ಸಮಾಧಾನ. ಜಾಣಕಿವುಡಿಗೆ ಲಸಿಕೆ ಇನ್ನೂ ಬಂದಿಲ್ಲ.

ಹಾಗೆಂದು ತೈಪೆಯ ಮೇಲೆ ಪೂರ್ತಿ ಕನಿಕರ ಸುರಿಸುವವರು ಹಳೆಯ ಕಡತವನ್ನೂ ಒಮ್ಮೆ ತೆರೆಯಬೇಕು. 1949ರಲ್ಲಿ ಕಮ್ಯುನಿಸ್ಟರಿಗೆ ಸೋತು ದ್ವೀಪ ಸೇರಿದ ಚಿಯಾಂಗ್ ಕೈ-ಶೇಕ್ ಸರ್ಕಾರ 22 ವರ್ಷ ವಿಶ್ವಸಂಸ್ಥೆಯಲ್ಲಿ ಇಡೀ ಚೀನಾದ ಕುರ್ಚಿಯಲ್ಲಿ, ವೀಟೋ ಸಮೇತ, ಠೀವಿಯಿಂದ ಕೂತಿತ್ತು. ಆ ವೀಟೋವನ್ನು 1955ರಲ್ಲಿ ಬಳಸಿದ್ದು ಮಂಗೋಲಿಯಾವನ್ನು ಹೊರಗಿಡಲು. ಅದು ತನ್ನದೇ ಪ್ರದೇಶವಂತೆ! 1971ರ ಅಕ್ಟೋಬರ್ 25ರ 2758ನೇ ಗೊತ್ತುವಳಿ ಹೊರಗೆ ಹಾಕಿದ್ದು ‘ಚಿಯಾಂಗ್ ಕೈ-ಶೇಕ್‌ನ ಪ್ರತಿನಿಧಿ’ಗಳನ್ನು. ತೈವಾನ್ ಎಂಬ ಪದ ಅದರಲ್ಲಿ ಒಂದು ಸಲವೂ ಬರುವುದಿಲ್ಲ. ಇಲ್ಲದ ಆ ಪದವನ್ನು ಅದರೊಳಗೆ ಓದಿ ತೋರಿಸುವುದೇ ಇವತ್ತಿನ ಬೀಜಿಂಗ್ ರಾಜತಂತ್ರ. ಚಿಯಾಂಗ್ ಸತ್ತು ಐವತ್ತು ವರ್ಷವಾಯಿತು. ಅವರ ಸಾಲ ತೀರಿಸುತ್ತಿರುವವರು ಆಗಿನ್ನೂ ಹುಟ್ಟದವರು.

ಕೊಸೊವೊ ಹೆಸರಿನ ವಿಷಯದಲ್ಲಿ ತುಸು ಅದೃಷ್ಟವಂತ. 2012ರಲ್ಲಿ ಸರ್ಬಿಯಾ ಜತೆ ಆದ ಒಪ್ಪಂದದಂತೆ ಪ್ರಾದೇಶಿಕ ಸಭೆಗಳಲ್ಲಿ ಅದರ ಹೆಸರಿಗೊಂದು ನಕ್ಷತ್ರ ಚಿಹ್ನೆ, ಕೆಳಗೊಂದು ಅಡಿಟಿಪ್ಪಣಿ. ಅಡಿಟಿಪ್ಪಣಿಯಿರುವ ದೇಶ! ಸಂಶೋಧನಾ ವಿದ್ಯಾರ್ಥಿಗಳು ಮೆಚ್ಚಿಯಾರು.

ನಾವೇನು ಕಮ್ಮಿ? 2018ರಲ್ಲಿ ಚೀನಾದ ವಿಮಾನಯಾನ ಇಲಾಖೆ 36 ವಿದೇಶಿ ವಿಮಾನ ಕಂಪನಿಗಳಿಗೆ ಕಣ್ಣು ಬಿಟ್ಟಿತು. ಆಗ ಸರ್ಕಾರಿ ಸ್ವತ್ತಾಗಿದ್ದ ಏರ್ ಇಂಡಿಯಾ ತನ್ನ ಜಾಲತಾಣದಲ್ಲಿ ತೈವಾನನ್ನು ವಿನಯದಿಂದ ‘ಚೈನೀಸ್ ತೈಪೆ’ ಮಾಡಿತು. ಇತ್ತ ದೇವನಹಳ್ಳಿಯ ಬಳಿ ತೈವಾನಿನ ಫಾಕ್ಸ್‌ಕಾನ್ ಐಫೋನ್ ಜೋಡಿಸಲು ಬಂದಾಗ ಅದಕ್ಕೆ ಜಮೀನು ಕೊಟ್ಟೆವು. ಕಂಪನಿಯ ಮುಖ್ಯಸ್ಥರಿಗೆ 2024ರಲ್ಲಿ ಪದ್ಮಭೂಷಣವನ್ನೂ ಕೊಟ್ಟೆವು. ಕಾರ್ಖಾನೆಗೆ ಯಾವ ಒಡಪೂ ಬೇಕಾಗಲಿಲ್ಲ. ಆದರೆ ದಿಲ್ಲಿಯಲ್ಲಿ ತೈವಾನಿನ ರಾಯಭಾರ ಕಚೇರಿ ಹುಡುಕಬೇಡಿ, ಸಿಗುವುದಿಲ್ಲ. ಇರುವುದು ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ. ವೀಸಾ ಕೊಡುವುದು ಅಲ್ಲಿಯೇ. ಬೋರ್ಡು ನೋಡಿ ಯಾರಾದರೂ ಮಗಳನ್ನು ನೃತ್ಯದ ತರಗತಿಗೆ ಸೇರಿಸಲು ಒಳಗೆ ಹೋದರೆ ತಪ್ಪು ಅವರದಲ್ಲ.