ಸೌತ್‌ಸೀ ನಿವಾಸಿಗಳ ಸಹನಾಶಾಸ್ತ್ರ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಂದರು ನಗರವಾದ ಪೋರ್ಟ್ಸ್‌ಮತ್‌ನ ಸೌತ್‌ಸೀ ಎಂಬ ವಸತಿ ಬಡಾವಣೆಯಲ್ಲಿ ಅನೇಕ ಮನೆಗಳು ಟೆರೇಸ್ ಮಾದರಿಯವು, ಅಂದರೆ ಒಂದರ ಗೋಡೆಯನ್ನು ಮತ್ತೊಂದು ಹಂಚಿಕೊಂಡು ಸಾಲಾಗಿ ನಿಂತಂಥವು. ಆದಕಾರಣ ನೆರೆಮನೆಯ ಕೆಮ್ಮು, ಕಲಹ, ಧಾರಾವಾಹಿಗಳೆಲ್ಲ ಬಾಡಿಗೆಯಿಲ್ಲದೆ ಒಳಬರುತ್ತವೆ. ಕಾರುಗಳಿಗಿಂತ ಹಳೆಯವಾದ ಈ ಬೀದಿಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕವನು ಅದನ್ನು ಕಳೆದುಕೊಳ್ಳುವ ಭಯದಿಂದ ಪೇಟೆಗೆ ನಡೆದೇ ಹೋಗುತ್ತಾನಾಗಿ, ವಾಹನವು ಆರೋಗ್ಯವರ್ಧಕವೆಂಬ ಸಿದ್ಧಾಂತಕ್ಕೆ ಪುರಾವೆ ದೊರೆಯುತ್ತದೆ. ತಿಂಡಿ ಕಸಿಯುವ ಕಡಲಹಕ್ಕಿಯಾದ ಗಲ್‌ಗೆ 1981ರ ವನ್ಯಜೀವಿ ಕಾಯಿದೆಯ ರಕ್ಷಣೆಯುಂಟು. ಚಿಪ್ಸ್ ಕಳೆದುಕೊಂಡವನಿಗೆ ಯಾವ ಕಾಯಿದೆಯೂ ಇಲ್ಲ. 1882ರಲ್ಲಿ ಇಲ್ಲಿ ದವಾಖಾನೆ ತೆರೆದ ಆರ್ಥರ್ ಕಾನನ್ ಡಾಯ್ಲ್ ಅವರಿಗೆ ಆರಂಭದಲ್ಲಿ ರೋಗಿಗಳು ವಿರಳವಾಗಿದ್ದು, ವೃತ್ತಿಯ ಬಿಡುವಿನಲ್ಲೇ ಅವರು ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದರು. ಜನ ಆಗ ತುಸು ಹೆಚ್ಚು ಕಾಯಿಲೆ ಬಿದ್ದಿದ್ದರೆ ಪತ್ತೇದಾರಿ ಸಾಹಿತ್ಯವೇ ಬಡವಾಗುತ್ತಿತ್ತೆನ್ನಬಹುದಾದ ಕಾರಣ, ಬಡಾವಣೆಯ ಆರೋಗ್ಯವನ್ನೂ ಸಾಹಿತ್ಯಸೇವೆಯೆಂದೇ ಪರಿಗಣಿಸತಕ್ಕದ್ದು.