ಎರಡನೇ ಹಾರ್ಡ್‌ಡಿಸ್ಕ್ ಕಾಣದಿದ್ದರೆ: ಇಚಿಲಂಪಾಡಿ ಆವೃತ್ತಿ

ಮನೆಯ ಕಂಪ್ಯೂಟರಿಗೆ ಇನ್ನೊಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಮುಚ್ಚಳ ಹಾಕಿ, ಸ್ಕ್ರೂ ಎಲ್ಲ ಬಿಗಿದಾದ ಮೇಲೆ ಓದುವವರಿಗಾಗಿ ಈ ಕೈಪಿಡಿ. ಮೊದಲೇ ಓದಿ ಕೆಲಸ ಶುರುಮಾಡುವವರು ಕಡಬ ತಾಲೂಕಿನಲ್ಲಿ ಯಾರೂ ಇಲ್ಲ ಎಂಬ ನಂಬಿಕೆಯ ಮೇಲೆ ಬರೆದದ್ದು.

ಬೇಕಾಗುವ ಸಾಮಾನು: ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಒಣ ಬ್ರಷ್ಷು, ಕರೆಂಟು. ಕೊನೆಯದ್ದಕ್ಕೆ ಗ್ಯಾರಂಟಿ ಇಲ್ಲ. ಗುಂಡ್ಯ ಹೊಳೆ ಕೆಂಪಾಗಿ ಹರಿಯುವ ತಿಂಗಳುಗಳಲ್ಲಿ, ಲೈನಿನ ಮೇಲೆ ರಬ್ಬರ್ ಗೆಲ್ಲು ಬೀಳದ ದಿನ ನೋಡಿ ಕೂತುಕೊಳ್ಳಿ.

ದೂರು 1: ‘ಡಿಸ್ಕ್ ತಿರುಗ್ತದೆ ಮಾರಾಯ್ರೆ, ಆದ್ರೆ ತೋರಿಸುದಿಲ್ಲ.’

ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಒಳಗೆ ಇರುವೆ ಸಂಸಾರ ಹೂಡಿದ್ದರೆ ಬ್ರಷ್ಷಿನಿಂದ ಒಕ್ಕಲೆಬ್ಬಿಸಿ. ಸಾಟಾ ಡಿಸ್ಕಿಗೆ ಎರಡು ವಯರು: ಎಸ್‌ಎಂಪಿಎಸ್‌ನಿಂದ ಬರುವ ಅಗಲದ್ದು ಕರೆಂಟಿಗೆ, ಮದರ್‌ಬೋರ್ಡಿಗೆ ಹೋಗುವ ಸಣ್ಣದ್ದು ಮಾಹಿತಿಗೆ. ಮೊದಲನೆಯದರಲ್ಲಿ 15 ಪಿನ್ನು, ಎರಡನೆಯದರಲ್ಲಿ 7. ಅಗಲದ್ದನ್ನು ಮಾತ್ರ ಚುಚ್ಚಿದರೆ ಡಿಸ್ಕು ಗುಂಯ್‌ಗುಡುತ್ತದೆ, ಕಂಪ್ಯೂಟರಿಗೆ ಅದರ ಪರಿಚಯವೇ ಆಗುವುದಿಲ್ಲ. ಎರಡೂ ಚುಚ್ಚಿಯಾಗಿದೆ ಎಂದಿರಾ? ಮುಚ್ಚಳ ಒತ್ತುವಾಗ ಸಣ್ಣದ್ದು ಜಾರಿರುತ್ತದೆ. ಡಿಸ್ಕ್ ಹೋಯಿತು ಎಂದು ತಲೆಗೆ ಕೈ ಹೊತ್ತುಕೊಳ್ಳುವ ಮೊದಲು ಆ ವಯರು ಬದಲಿಸಿ. ಇಡೀ ಪೆಟ್ಟಿಗೆಯಲ್ಲಿ ಅದಕ್ಕಿಂತ ಅಗ್ಗದ್ದು ಇಲ್ಲ, ಅದಕ್ಕಿಂತ ದೊಡ್ಡ ಕಳ್ಳನೂ ಇಲ್ಲ.

(ಅಟ್ಟದಿಂದ ಇಳಿಸಿದ ಹಳೇ ಕಂಪ್ಯೂಟರಾದರೆ 40 ಪಿನ್ನಿನ ಪಟ್ಟಿ ವಯರು ಇರುತ್ತದೆ. ಅದರಲ್ಲಿ ಒಂದು ಡಿಸ್ಕ್ ಮಾಸ್ಟರ್, ಇನ್ನೊಂದು ಸ್ಲೇವ್ ಆಗುವ ಹಾಗೆ ಜಂಪರ್ ಹಾಕಬೇಕು. ಎರಡನ್ನೂ ಮಾಸ್ಟರ್ ಮಾಡಿದರೆ ಎರಡೂ ಕಾಣದೆ ಹೋದಾವು. ಜಂಪರ್ ಕಾವಿ ನೆಲಕ್ಕೆ ಬಿದ್ದರೆ ಹುಡುಕುವ ವಿಧಾನ ಈ ಕೈಪಿಡಿಯಲ್ಲಿಲ್ಲ.)

ಈಗ ಆನ್ ಮಾಡುತ್ತಲೇ ಡೆಲ್ ಅಥವಾ ಎಫ್2 ಒತ್ತಿ ಬಯಾಸ್ ನೋಡಿ. ಅಲ್ಲಿ ಹೆಸರು ಬಂದರೆ ವಯರಿನ ತನಿಖೆ ಮುಗಿಯಿತು. ಬಾರದಿದ್ದರೆ ಬೇರೆ ಪೋರ್ಟಿಗೆ ಚುಚ್ಚಿ, ಎಂ.2 ಡಿಸ್ಕ್ ಕೂತ ಕೆಲವು ಬೋರ್ಡುಗಳಲ್ಲಿ ಒಂದೆರಡು ಸಾಟಾ ಪೋರ್ಟು ತಾವಾಗಿಯೇ ಬಂದ್ ಆಗುತ್ತವೆ.

ದೂರು 2: ‘ಬಯಾಸಿನಲ್ಲಿ ಉಂಟು, ವಿಂಡೋಸಿನಲ್ಲಿ ಇಲ್ಲ.’

ಹೊಸ ಡಿಸ್ಕಿಗೆ ಇದು ಸಹಜ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕಪ್ಪು ಪಟ್ಟಿ ಎಳೆದುಕೊಂಡು ಕೂತಿರುತ್ತದೆ. ಎಂಬಿಆರ್ ಬೇಕೋ ಜಿಪಿಟಿಯೋ ಎಂದು ಕೇಳಿದರೆ ಜಿಪಿಟಿ ಎನ್ನಿ. ಸಾಮಾನ್ಯವಾಗಿ ಎಂಬಿಆರ್‌ನ ಲೆಕ್ಕ 2 ಟಿಬಿಗೆ ನಿಲ್ಲುತ್ತದೆ. ಆಮೇಲೆ ಎನ್‌ಟಿಎಫ್‌ಎಸ್ ಮಾಡಿ ಒಂದು ಅಕ್ಷರ ಕೊಡಿ. ಎ, ಬಿ ಬೇಡ, ಅವು ಫ್ಲಾಪಿಗಳ ಕಾಲದಿಂದ ಮೀಸಲು.

ಎಚ್ಚರಿಕೆ: ಡಿಸ್ಕ್ ಹೊಸದಲ್ಲ, ಅಣ್ಣನ ಹಳೇ ಕಂಪ್ಯೂಟರಿನದ್ದು ಎಂದಾದರೆ ಕೈ ಕಟ್ಟಿ ಕೂತುಕೊಳ್ಳಿ. ಮನೆಗೆ ಬಂದವರಲ್ಲಿ ‘ಬಾಯಾರಿಕೆ ಬೇಕಾ’ ಎಂದು ಕೇಳುವಷ್ಟೇ ಮರ್ಯಾದೆಯಿಂದ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ದಾಕ್ಷಿಣ್ಯಕ್ಕೆ ಬಿದ್ದು ಹೂಂ ಅನ್ನಬೇಡಿ. ಅತ್ತಿಗೆಯ ಸೀಮಂತದ ಫೋಟೊ ಅದರಲ್ಲೇ ಇದ್ದೀತು.

ದೂರು 3: ‘1 ಟಿಬಿ ಅಂತ ಕೊಟ್ಟು 931 ಜಿಬಿ ತೋರಿಸ್ತದೆ, ಮೋಸ.’

ಮೋಸವಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರದ್ದು. ಇದಕ್ಕಾಗಿ ಅಂಗಡಿಯವರನ್ನು ಕೇಳಲು ನೆಲ್ಯಾಡಿಗೆ ಜೀಪು ಹತ್ತಬೇಡಿ. 931 ಸಾಲದೆನಿಸಿದರೆ ನೆನಪಿಡಿ: 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು; ಅಷ್ಟಕ್ಕೂ ಸೇರಿ ಹಿಡಿಸುತ್ತಿದ್ದದ್ದು ಸುಮಾರು 3.75 ಎಂಬಿ, ಈಗಿನ ಮೊಬೈಲಿನ ಒಂದೆರಡು ಫೋಟೊ.

ದೂರು 4: ‘ಟಕ್, ಟಕ್ ಅಂತದೆ.’

ಆಫ್ ಮಾಡಿ. ಮತ್ತೆ ಆನ್ ಮಾಡಿ ನೆಂಟರಿಗೆ ಕೇಳಿಸಬೇಡಿ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎನ್ನುವವರ ಮಾತು ಕೇಳಿದರೆ ನಮ್ಮ ಆಟಿ ತಿಂಗಳ ಥಂಡಿ ಸಾಲದೆಂಬಂತೆ ಒಳಗೆ ಇನ್ನಷ್ಟು ಪಸೆ. ಡಿಸ್ಕನ್ನೇ ಬಿಚ್ಚುವುದಂತೂ ಬೇಡವೇ ಬೇಡ: ತಟ್ಟೆಗೂ ಓದುವ ಮೊನೆಗೂ ನಡುವೆ ಇರುವುದು ನ್ಯಾನೊಮೀಟರುಗಳ ಸಂದು, ಅಂಗಳದ ಧೂಳಿನ ಒಂದು ಕಣ ಸಾಕು. ಒಳಗಿನದ್ದು ಬೇಕೇ ಬೇಕೆಂದಾದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ, ಜೇಬು ಗಟ್ಟಿ ಮಾಡಿಕೊಂಡು.

ಇನ್ನು ಸಿಡಿಲು. ಎಪ್ರಿಲ್, ಮೇ ಸಂಜೆ ಘಟ್ಟದ ಕಡೆ ಗುಡುಗಿದ ಕೂಡಲೇ ಪ್ಲಗ್ಗೂ ಟೆಲಿಫೋನ್ ವಯರೂ ಕಿತ್ತಿಡಿ. ಎರಡು ಡಿಸ್ಕ್ ಇದೆಯಲ್ಲ ಎಂಬ ಧೈರ್ಯ ಬೇಡ. ಎರಡಕ್ಕೂ ಒಂದೇ ಪೆಟ್ಟಿಗೆ, ಒಂದೇ ಎಸ್‌ಎಂಪಿಎಸ್; ಹೋಗುವುದಾದರೆ ಜೊತೆಯಲ್ಲೇ ಹೋಗುತ್ತವೆ. ಮದುವೆ ವಿಡಿಯೊ, ತರವಾಡಿನ ನೇಮದ ರೆಕಾರ್ಡಿಂಗ್ ಎಲ್ಲವನ್ನೂ ಹೊಸದಕ್ಕೆ ಸಾಗಿಸಿ ಹಳೆಯದರಿಂದ ಅಳಿಸಿದರೆ ನಿಮ್ಮಲ್ಲಿರುವುದು ಆಗಲೂ ಒಂದೇ ಪ್ರತಿ. ಯುಎಸ್‌ಬಿ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಮಾಡಿ ಪುತ್ತೂರಿನ ಭಾವನ ಮನೆಯಲ್ಲಿಡಿ. ಇದರಲ್ಲಿ ಸಿನಿಮಾ ತುಂಬಿಸಬೇಡಿ ಎಂದು ಭಾವನಿಗಲ್ಲ, ಅವರ ಮಕ್ಕಳಿಗೆ ಹೇಳಿ ಬನ್ನಿ.