ಎಸ್‌ಪಿಎಫ್ ರಾಯರು

ಟಿ. ನಗರದಲ್ಲಿ ದಾರಿ ಕೇಳಿದರೆ ಯಾವುದಾದರೂ ಸೀರೆ ಅಂಗಡಿಯ ಗುರುತು ಹೇಳುತ್ತಾರೆ. ಹಬೀಬುಲ್ಲಾ ರಸ್ತೆಯಿಂದ ಒಳಕ್ಕೆ ತಿರುಗುವ ನಮ್ಮ ಬೀದಿಯಲ್ಲಿ ಮಾತ್ರ ರಾಯರ ಗುರುತು ಹೇಳುತ್ತಾರೆ: ‘ಮಳೆ ಇಲ್ಲದಿದ್ದರೂ ಕೊಡೆ ಹಿಡಿದು ಒಬ್ಬರು ಹೋಗ್ತಾರಲ್ಲ, ಅವರ ಮನೆ ಎದುರು.’ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅಪಾರ್ಟ್‌ಮೆಂಟಿನ ಹುಡುಗರು ಇಟ್ಟಿದ್ದು ಎಸ್‌ಪಿಎಫ್ ರಾಯರು ಅಂತ. ಅದು ರಾಯರ ಕಿವಿಗೂ ಬಿದ್ದಿದೆ. ಬೇಸರ ಮಾಡಿಕೊಳ್ಳಲಿಲ್ಲ, ಯೂನಿವರ್ಸಿಟಿ ಕೊಟ್ಟ ಪದವಿ ಅಂತಲೇ ಭಾವಿಸಿದ್ದಾರೆ.

ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರಬೇಕು. ಅರವತ್ತರ ತನಕ ಮುಖಕ್ಕೆ ನೀರು, ಹಬ್ಬ ಹುಣ್ಣಿಮೆಗೆ ಒಂದಿಷ್ಟು ಕ್ಯುಟಿಕುರಾ ಪೌಡರು, ಇಷ್ಟು ಬಿಟ್ಟು ಇನ್ನೇನೂ ಸೋಕಿಸದವರು. ಬ್ಯಾಂಕಿನಿಂದ ನಿವೃತ್ತರಾಗಿ, ಮಗಳ ಮನೆಯೆಂದು ನ್ಯೂಜೆರ್ಸಿಗೆ ಹೋಗಿ, ಬರುವಾಗ ಸೂಟ್‌ಕೇಸಿನ ತುಂಬ ಟ್ಯೂಬುಗಳನ್ನೂ ತಲೆಯ ತುಂಬ ಜ್ಞಾನವನ್ನೂ ತುಂಬಿಕೊಂಡು ಬರುವವರು. ಟ್ಯೂಬಿಗೆ ವಿಮಾನದಲ್ಲಿ ತೂಕದ ಮಿತಿ ಇದೆ, ಜ್ಞಾನಕ್ಕೆ ಇಲ್ಲ. ಅದೇ ತೊಂದರೆ.

ಆ ಜ್ಞಾನದಲ್ಲಿ ತಪ್ಪು ಹುಡುಕುವ ಹಾಗಿಲ್ಲ ಎಂಬುದು ಇನ್ನೂ ದೊಡ್ಡ ತೊಂದರೆ. ಪಾಂಡಿ ಬಜಾರಿನ ಫುಟ್‌ಪಾತನ್ನು 2019ರಲ್ಲಿ ಅಗಲ ಮಾಡಿದ್ದು ಜನ ಆರಾಮವಾಗಿ ನಡೆಯಲಿ ಅಂತ. ರಾಯರು ಅಲ್ಲಿ ನಡೆಯುತ್ತಾ ನಡೆಯುತ್ತಾ ಗಕ್ಕನೆ ನಿಂತು ತಮ್ಮ ನೆರಳನ್ನು ಹೆಜ್ಜೆ ಇಟ್ಟು ಅಳೆಯುತ್ತಾರೆ. ಹಿಂದೆ ಬರುವವರು ಮುಗ್ಗರಿಸುತ್ತಾರೆ. ‘ನೆರಳು ನಮಗಿಂತ ಉದ್ದ ಇದ್ಯಾ, ನಡಿ. ಗಿಡ್ಡ ಆಯ್ತಾ, ಮನೆಗೆ ಓಡು’ ಎಂಬುದು ಅವರ ಸೂತ್ರ. ಸೂರ್ಯ ಮೇಲೇರಿದಷ್ಟೂ ಕಿರಣ ಗಾಳಿಯ ಪದರದಲ್ಲಿ ಹಾದು ಬರುವ ದಾರಿ ಕಡಿಮೆ, ನೇರಳಾತೀತದ ಹೊಡೆತ ಜಾಸ್ತಿ. ಏಪ್ರಿಲ್ ತಿಂಗಳ ಚೆನ್ನೈಯಲ್ಲಿ ಒಂಬತ್ತು ಗಂಟೆ ದಾಟುವ ಹೊತ್ತಿಗೇ ಮನುಷ್ಯ ತನ್ನ ನೆರಳಿಗಿಂತ ಎತ್ತರ ಆಗಿಬಿಡುತ್ತಾನೆ. ಆ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ನಡುವಿನಲ್ಲಿ ಮತ್ತೊಂದು ದಿನ, ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಗೆ ಬಂದು ನೆರಳೇ ಕಾಲಡಿ ಸೇರಿಕೊಳ್ಳುತ್ತದೆ. ಆ ವಿಚಿತ್ರ ನೋಡಲು ಮಕ್ಕಳೆಲ್ಲ ತಾರಸಿ ಹತ್ತಿದಾಗ ರಾಯರೂ ಹತ್ತಿದರು, ಕೊಡೆ ಸಮೇತ. ಇಡೀ ಮದ್ರಾಸಿನಲ್ಲಿ ನೆರಳಿಲ್ಲದ ಆ ಗಳಿಗೆಯಲ್ಲಿ ನೆರಳಿನಲ್ಲಿ ನಿಂತಿದ್ದವರು ಅವರೊಬ್ಬರೇ.

ಇನ್ನು ಸನ್‌ಸ್ಕ್ರೀನ್. ‘ಎಸ್‌ಪಿಎಫ್ 30 ಅಂದ್ರೆ ಸುಡೋ ಕಿರಣ, ಅದೇ ಯುವಿಬಿ, ನೂರಕ್ಕೆ 97 ತಡೀತದೆ. 50 ಅಂದ್ರೆ 98. ಒಂದು ಪರ್ಸೆಂಟಿಗೆ ಯಾಕಯ್ಯಾ ಅಷ್ಟು ದುಡ್ಡು ಸುರೀತೀಯ?’ ಎನ್ನುತ್ತಾರೆ, ಎಫ್‌ಡಿಯಲ್ಲಿ ಅರ್ಧ ಪರ್ಸೆಂಟ್ ಹೆಚ್ಚಿಗೆ ಸಿಗುತ್ತದೆಂದು ಮೂರು ಬ್ಯಾಂಕು ಅಲೆಯುವ ಇದೇ ರಾಯರು. ಡಬ್ಬಿಯ ಮೇಲೆ ಪಿಎ ಅಂತ ಬರೆದು ಪ್ಲಸ್ ಗುರುತು ಹಾಕಿದೆಯೇ ನೋಡಬೇಕು. ಅದು ಯುವಿಎಗೆ. ಸುಕ್ಕು ತರುವುದರಲ್ಲಿ ಮುಖ್ಯ ಪಾತ್ರ ಅದರದ್ದೇ, ಕಿಟಕಿ ಗಾಜಿನೊಳಗೂ ನುಗ್ಗಿ ಬರುತ್ತದೆ. ಆಸ್ಟ್ರೇಲಿಯಾದ ನಂಬೋರ್ ಎಂಬ ಊರಿನಲ್ಲಿ ನಾಲ್ಕೂವರೆ ವರ್ಷ ಪರೀಕ್ಷೆ ಮಾಡಿದ್ದರು, 2013ರಲ್ಲಿ ಫಲಿತಾಂಶ ಬಂತು. ದಿನಾ ತಪ್ಪದೆ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ, ಚರ್ಮದ ಮುಪ್ಪು 24 ಪರ್ಸೆಂಟ್ ಕಮ್ಮಿ. ಇದನ್ನು ರಾಯರು ವಾರಕ್ಕೊಮ್ಮೆ ಹೇಳುತ್ತಾರೆ. ಪರೀಕ್ಷೆ ನಡೆದದ್ದು 55ರ ಒಳಗಿನವರ ಮೇಲೆ ಎಂಬ ವಾಕ್ಯ ಬರುವಾಗ ಮಾತ್ರ ಅವರಿಗೆ ಕೆಮ್ಮು ಬರುತ್ತದೆ. ಒಳಗಿನಿಂದ ಅವರ ಹೆಂಡತಿ, ಮಾಮಿ, ಆ ವಾಕ್ಯವನ್ನು ಪೂರ್ತಿ ಮಾಡುತ್ತಾರೆ. ರಾಯರಿಗೆ ಈಗ ಅರವತ್ತೆಂಟು.

ಎಷ್ಟು ಹಚ್ಚಬೇಕು? ಇದು ಅವರ ಮೆಚ್ಚಿನ ಅಧ್ಯಾಯ. ಲ್ಯಾಬಿನಲ್ಲಿ ಆ ನಂಬರು ಕಂಡುಹಿಡಿಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದಿರುತ್ತಾರೆ. ‘ಹಾಗಾಗಿ ಎರಡು ಬೆರಳು, ಬುಡದಿಂದ ತುದಿವರೆಗೆ ಎರಡು ಗೆರೆ, ಮುಖಕ್ಕೂ ಕತ್ತಿಗೂ ಸೇರಿ. ಕಮ್ಮಿ ಹಚ್ಚಿದ್ರೆ ಡಬ್ಬಿ ಮೇಲಿನ ನಂಬರು ಡಬ್ಬಿಗೇ ಕಣಯ್ಯಾ, ನಿನ್ನ ಮುಖಕ್ಕಲ್ಲ. ಬಿಸಿಲಲ್ಲಿ ಇದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.’ ಎತ್ತಿ ಹಿಡಿದ ಎರಡು ಬೆರಳು ನೋಡಿ ಒಮ್ಮೆ ಎದುರು ಮನೆಯವರು ಇವರು ಯಾವುದೋ ಪಕ್ಷಕ್ಕೆ ಓಟು ಕೇಳುತ್ತಿದ್ದಾರೆ ಅಂದುಕೊಂಡಿದ್ದರು. ತಮಿಳುನಾಡಿನಲ್ಲಿ ಬೆರಳು ಎತ್ತುವಾಗ ಹುಷಾರಾಗಿರಬೇಕು.

ಆದರೆ ರಾಯರು ಬ್ಯಾಂಕಿನವರು. ಸಿದ್ಧಾಂತ ಮುಗಿದ ಮೇಲೆ ಲೆಕ್ಕ ಶುರುವಾಯಿತು. ಒಂದು ಸಲಕ್ಕೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಮೂರು ಸಲ. ಅಲ್ಲಿಗೆ ಐವತ್ತು ಗ್ರಾಂ ಟ್ಯೂಬು ಎರಡು ವಾರಕ್ಕೆ ಖಾಲಿ. ಈ ಮೊತ್ತ ಕಂಡ ದಿನ ರಾಯರ ಹಣೆಯಲ್ಲಿ ಹೊಸದೊಂದು ಗೆರೆ ಮೂಡಿತು ಎನ್ನುತ್ತಾರೆ ಮಾಮಿ. ಅಂದಿನಿಂದ ಉಪದೇಶ ಎರಡು ಬೆರಳು, ಆಚರಣೆ ಒಂದು ಕಡಲೆಕಾಳು. ಗೋಪೀಚಂದನದ ಮುದ್ರೆ ಒತ್ತಿಕೊಂಡ ಹಾಗೆ ಹಣೆಗೊಂದು, ಕೆನ್ನೆಗೆರಡು, ಮೂಗಿಗೊಂದು, ಗಲ್ಲಕ್ಕೊಂದು ಚುಕ್ಕೆ. ಅಲ್ಲಿಗೆ ಮುಗಿಯಿತು. ಕಳೆದ ದೀಪಾವಳಿಗೆ ಒಡೆದ ಟ್ಯೂಬು ಯುಗಾದಿಯನ್ನೂ ದಾಟಿತು. ಹೊರಗೆ ಬರುವುದು ನಿಂತ ಮೇಲೆ ಅದನ್ನು ಮಣೆಯ ಮೇಲಿಟ್ಟು ಲಟ್ಟಣಿಗೆಯಲ್ಲಿ ಒತ್ತಿದರು. ಅದೂ ಸಾಲದಾದಾಗ ಕತ್ತರಿಯಿಂದ ಎರಡು ಸೀಳು ಮಾಡಿ, ಒಳಗೋಡೆಯನ್ನು ತೋರುಬೆರಳಿನಿಂದ ಕೆರೆದು ತೆಗೆದರು. ಆ ವಾರ ಮಾಮಿಯ ಚಪಾತಿಗೆ ಅಮೆರಿಕದ ಘಮ ಇತ್ತು.

‘ರಾಯರೇ, ಇದರ ಅವಧಿ ಮುಗಿದು ಎರಡು ವರ್ಷ ಆಯ್ತಲ್ಲ’ ಅಂತ ಟ್ಯೂಬಿನ ಬುಡದಲ್ಲಿ ಒತ್ತಿದ್ದ ತಿಂಗಳು ತೋರಿಸಿದೆ. ಮೂರು ತಿಂಗಳಿಗೆ ಒಂದು ದಿನ ಮೀರಿದ ಚೆಕ್ಕನ್ನು ಮುಖ ನೋಡದೆ ವಾಪಸು ಕಳಿಸುತ್ತಿದ್ದ ಮನುಷ್ಯ ಹೇಳಿದ್ದು: ‘ಅದೆಲ್ಲ ಕಂಪನಿಯವರ ವ್ಯಾಪಾರ ಕಣಯ್ಯಾ. ನಡೀತದೆ.’

ಸೋಪಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ, ಅದರಲ್ಲಿ ನಾಡಾಭಿಮಾನ ಇದೆ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸೋಪು ಕ್ಷಾರ. ವಯಸ್ಸಾದಂತೆ ಚರ್ಮದ ಎಣ್ಣೆ ಕಮ್ಮಿಯಾಗಿ ಸೋಪು ಬಿದ್ದ ಕಡೆ ಬಿಗಿತ, ತುರಿಕೆ. ಮುಖಕ್ಕೆ ಸೋಪು ಬೇಡವೆಂದು ಮಗಳು ಸೋಪಲ್ಲದ ಸೋಪೊಂದನ್ನು ಕಳಿಸಿದ್ದಾಳೆ. ಆದರೆ ರಾಜ್ಯೋತ್ಸವಕ್ಕೆ ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘದಲ್ಲಿ ಮಾತಾಡಿ ಎಂದರೆ ರಾಯರು ಮೊದಲು ಎತ್ತುವುದೇ ಮೈಸೂರು ಸ್ಯಾಂಡಲ್ ಸೋಪನ್ನು: ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ, 1916, ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮ. ಹೀಗೆ ಹೇಳಿ ಇಳಿದವರು ಮನೆಗೆ ಬಂದು ಬೇರೆ ಸೋಪು ಹಿಡಿದರೆ ಆತ್ಮಸಾಕ್ಷಿ ಬಿಟ್ಟೀತೇ? ಕೊನೆಗೆ ಗಡಿ ವಿವಾದವನ್ನು ಕತ್ತಿನ ಹತ್ತಿರ ಇತ್ಯರ್ಥ ಮಾಡಿಕೊಂಡರು. ಮುಖ ನ್ಯೂಜೆರ್ಸಿಗೆ, ಮೈ ಮೈಸೂರಿಗೆ. 2025ರಲ್ಲಿ ಆ ಸೋಪಿಗೆ ತಮನ್ನಾ ಅವರನ್ನು 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಬೆಂಗಳೂರಿನಲ್ಲಿ ಕನ್ನಡದ ನಟಿಯರು ಇರಲಿಲ್ಲವೇ ಎಂದು ಗಲಾಟೆ ಎದ್ದಿತ್ತು. ರಾಯರ ತಕರಾರು ಬೇರೆ. ಅದೇ ದುಡ್ಡಿನಲ್ಲಿ ಸೋಪಿನ ಬೆಲೆ ಎಂಟಾಣೆ ಇಳಿಸಬಹುದಿತ್ತು ಎಂದು.

ಸ್ನಾನ ಆದ ಮೇಲೆ ಮೈ ಒದ್ದೆ ಇರುವಾಗಲೇ ಏನಾದರೂ ಜಿಡ್ಡು ಹಚ್ಚಬೇಕು, ಚರ್ಮದ ತೇವ ಒಳಗೇ ಉಳಿಯುತ್ತದೆ, ತೆಂಗಿನೆಣ್ಣೆಯಾದರೂ ಸರಿ. ಇದನ್ನು ಅವರು ನಿಜವಾಗಿ ಪಾಲಿಸುತ್ತಾರೆ, ತೆಂಗಿನೆಣ್ಣೆ ಅಗ್ಗ ಇದ್ದ ಕಾಲದಿಂದ. ಬೆಳಿಗ್ಗೆ ಎಂಟಕ್ಕೆ ಅವರ ಮನೆ ಬಾಗಿಲು ತಟ್ಟಿದ ಕೊರಿಯರ್ ಹುಡುಗರಿಗೆ ಪಂಚೆಯುಟ್ಟು ಮೈಯೆಲ್ಲ ಮಿರಮಿರ ಹೊಳೆಯುವ ದರ್ಶನ ಆಗಿದೆ. ಸಿಗರೇಟು ಇಲ್ಲ, ನಿದ್ದೆಗೆ ಕೊರತೆ ಇಲ್ಲ. ಬಾಯಾರಿಕೆಗೆ ಫಿಲ್ಟರ್ ಕಾಫಿ.

ಆದರೆ ರಾಯರ ಜೀವನದ ಮಹಾಸಂಶೋಧನೆ ಯಾವುದೆಂದರೆ ಸಿಟಿ ಬಸ್ಸಿನದು. ಅಮೆರಿಕದ ಒಬ್ಬ ಟ್ರಕ್ ಡ್ರೈವರ್‌ನ ಫೋಟೊ 2012ರಲ್ಲಿ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಯಸ್ಸು 69. ಇಪ್ಪತ್ತೆಂಟು ವರ್ಷ ಗಾಡಿ ಓಡಿಸಿದವ. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಕಿಟಕಿ ಗಾಜು ಯುವಿಬಿಯನ್ನು ತಡೆದು ಯುವಿಎಯನ್ನು ಒಳಗೆ ಬಿಟ್ಟಿತು. ಎಡಗೆನ್ನೆ ಜೋತು ಬಿದ್ದು ಮಡಿಕೆ ಮಡಿಕೆಯಾಗಿದೆ, ಬಲಗೆನ್ನೆ ಹತ್ತಾರು ವರ್ಷ ಚಿಕ್ಕವನದು. ಒಬ್ಬನೇ ಮನುಷ್ಯ ಅಂದರೆ ನಂಬಲಾಗದು. ಆ ಫೋಟೊದ ಜೆರಾಕ್ಸ್ ಸದಾ ರಾಯರ ಜೇಬಿನಲ್ಲಿದೆ. ಅದನ್ನು ತೋರಿಸಿ, ತಮ್ಮ ಬಲಗೆನ್ನೆಯನ್ನು ನಮ್ಮ ಕಡೆ ತಿರುಗಿಸಿ, ಕಂದು ಚುಕ್ಕೆಗಳನ್ನು ಎಣಿಸಲು ಹೇಳುತ್ತಾರೆ.

‘ನಾನು ಗಾಡಿ ಓಡಿಸಿದವನಲ್ಲ. ಹಾಗಿದ್ರೆ ಬಲಗೆನ್ನೆ ಯಾಕೆ ಹೀಗಾಯ್ತು, ಹೇಳು ನೋಡೋಣ?’

ನಾವು ಹೇಳುವುದಿಲ್ಲ. ಹೇಳಿದರೆ ಅವರಿಗೆ ನಿರಾಸೆ.

ಮದ್ರಾಸಿನ ಬಸ್ಸಿನಲ್ಲಿ ಎಡಗಡೆಯ ಸಾಲು ಹೆಂಗಸರಿಗೆ, ಬಲಗಡೆಯದು ಗಂಡಸರಿಗೆ. ರಾಯರ ಬ್ಯಾಂಕು ಇದ್ದದ್ದು ಪ್ಯಾರಿಸ್ ಕಾರ್ನರಿನಲ್ಲಿ. ಟಿ. ನಗರದಿಂದ ಬೆಳಿಗ್ಗೆ ಹೊರಟರೆ ಬಸ್ಸು ಈಶಾನ್ಯಕ್ಕೆ ಹೋಗುತ್ತದೆ, ಪೂರ್ವದ ಬಿಸಿಲು ಬಲಗಡೆ. ಸಂಜೆ ವಾಪಸು ಬರುವಾಗ ನೈಋತ್ಯಕ್ಕೆ ಬರುತ್ತದೆ, ಪಶ್ಚಿಮದ ಬಿಸಿಲು ಅದೂ ಬಲಗಡೆ. ಹೋಗುವಾಗಲೂ ಗಂಡಸರಿಗೆ ಬಿಸಿಲು, ಬರುವಾಗಲೂ ಗಂಡಸರಿಗೆ ಬಿಸಿಲು. ಮೂವತ್ತು ವರ್ಷ! ‘ಇವಳನ್ನ ನೋಡು. ಇದೇ ಊರಲ್ಲಿ ಇದೇ ಬಸ್ಸಲ್ಲಿ ಮೂವತ್ತು ವರ್ಷ ಸ್ಕೂಲಿಗೆ ಹೋಗಿ ಪಾಠ ಹೇಳಿದಾಳೆ, ಎಡಗಡೆ ಕೂತು. ಕೆನ್ನೆ ಮೇಲೆ ಒಂದು ಚುಕ್ಕೆ ಇದ್ಯಾ?’

ಮಾಮಿಗೆ ಮುಖಕ್ಕೆ ಹಚ್ಚುವ ವಿಚಾರದಲ್ಲಿ ಯಾವ ಸಿದ್ಧಾಂತವೂ ಇಲ್ಲ. ಶುಕ್ರವಾರ ಒಂದಿಷ್ಟು ಅರಿಶಿನ, ಬಿಸಿಲಿಗೆ ಹೋದರೆ ತಲೆ ಮೇಲೆ ಸೆರಗು, ಅಷ್ಟೇ. ‘ಏನಂದ್ರೆ, ನನಗೆ ಬಸ್ಸಲ್ಲಿ ಕೂರೋಕೆ ಜಾಗ ಸಿಕ್ಕಿದ್ದು ಯಾವತ್ತು?’ ಎಂದು ಕೇಳಿ ಅಡುಗೆಮನೆಗೆ ಹೋಗುತ್ತಾರೆ. ಸಂಶೋಧಕರು ಇಂಥ ಆಕ್ಷೇಪಗಳಿಗೆ ಬೆಲೆ ಕೊಡುವುದಿಲ್ಲ.

ಇಷ್ಟೆಲ್ಲ ನಕ್ಕರೂ ಒಂದು ಪ್ರಸಂಗ ಹೇಳದೆ ಹೋದರೆ ರಾಯರಿಗೆ ಅನ್ಯಾಯ. ಪಾಂಡಿ ಬಜಾರಿನಲ್ಲಿ ಮಲ್ಲಿಗೆ ಮಾರುವವಳ ಮಗಳು ಮದುವೆ ಗೊತ್ತಾದ ಹುಡುಗಿ. ಯಾವುದೋ ಮುಲಾಮು ಹಚ್ಚಿದ ಮೊದಲ ತಿಂಗಳು ಮುಖ ಬೆಳ್ಳಗೆ ಹೊಳೆಯಿತು. ಮೂರನೇ ತಿಂಗಳಿಗೆ ಕೆನ್ನೆಯೆಲ್ಲ ಕೆಂಪು, ಉರಿ, ತೆಳ್ಳಗಾದ ಚರ್ಮದಡಿ ಎಳೆಎಳೆ ರಕ್ತನಾಳ, ಗಲ್ಲದ ಮೇಲೆ ಕೂದಲು. ಬಿಸಿಲಿಗೆ ಬಂದರೆ ಅಳು. ರಾಯರು ಹೂವಿನ ಬೆಲೆ ಕೇಳುವುದನ್ನು ಬಿಟ್ಟು ಕನ್ನಡಕ ಏರಿಸಿ ನೋಡಿದರು. ‘ಎನ್ನ ಪೋಡ್ರೆ?’ ಎಂದು ಕೇಳಿದರು. ಹುಡುಗಿ ಪರ್ಸಿನಿಂದ ಟ್ಯೂಬು ತೆಗೆದಳು. ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್ ಅಂತ ಇತ್ತು. ಸ್ಟೀರಾಯ್ಡ್. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಕೂಡದೆಂದು 2018ರಲ್ಲೇ ಶೆಡ್ಯೂಲ್ ಹೆಚ್‌ಗೆ ಸೇರಿಸಿದ್ದಾರೆ. ಮಾರುವವರು ಕೇಳಬೇಕಲ್ಲ. 1975ರ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ಹೆಸರು ಬದಲಾಯಿಸಿಕೊಂಡಿತು. ನಮ್ಮ ವಧುಪರೀಕ್ಷೆಯ ಕಣ್ಣು ಬದಲಾಗಲಿಲ್ಲ.

ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಕೆರಳುತ್ತದೆ, ಚರ್ಮದ ಡಾಕ್ಟರೇ ನೋಡಬೇಕು ಎಂದು ರಾಯರಿಗೆ ಗೊತ್ತಿತ್ತು. ತಾವೇ ಆಟೋ ಹಿಡಿದು ತಾಯಿ ಮಗಳನ್ನು ಕರೆದುಕೊಂಡು ಹೋದರು. ಫೀಸು ಕೊಟ್ಟರು. ದಾರಿಯುದ್ದಕ್ಕೂ ತಮ್ಮ ಕೊಡೆಯನ್ನು ಆ ಹುಡುಗಿಯ ಕಡೆಗೇ ಹಿಡಿದಿದ್ದರು, ಬಲಗೆನ್ನೆಯನ್ನೂ ಮರೆತು. ಹುಡುಗಿ ಈಗ ಚೆನ್ನಾಗಿದ್ದಾಳೆ. ಮಾರನೆಯ ದಿನ ಮೊಳ ಮಲ್ಲಿಗೆಗೆ ಐದು ರೂಪಾಯಿ ಕಮ್ಮಿ ಮಾಡು ಎಂದು ಅವಳ ತಾಯಿಯ ಹತ್ತಿರ ಕಾಲು ಗಂಟೆ ಚೌಕಾಶಿ ಮಾಡಿದರು.

ಇಷ್ಟಕ್ಕೂ ಇದೆಲ್ಲ ಚೆಲುವಿಗಲ್ಲ, ಆರೋಗ್ಯಕ್ಕೆ ಎಂಬುದು ಅವರ ಅಧಿಕೃತ ಹೇಳಿಕೆ. ಅದರ ಪರೀಕ್ಷೆ ಆದದ್ದು ಬಸ್ಸಿನಲ್ಲೇ. ಚೆನ್ನೈಯಲ್ಲಿ ಅರವತ್ತಾದವರಿಗೆ ತಿಂಗಳಿಗೆ ಹತ್ತು ಟೋಕನ್ ಉಚಿತ, ಜೊತೆಗೊಂದು ಗುರುತಿನ ಕಾರ್ಡು. ಬಿಟ್ಟಿ ಸಿಗುವುದನ್ನು ಬಿಡುವ ಜಾಯಮಾನ ರಾಯರದ್ದಲ್ಲ. ಆದರೆ ಕಂಡಕ್ಟರು ಟೋಕನ್ ತೆಗೆದುಕೊಳ್ಳುವ ಮುಂಚೆ ಒಮ್ಮೆ ಮುಖ ನೋಡಿ, ಅನುಮಾನಪಟ್ಟು, ಕಾರ್ಡು ಕೇಳಬೇಕು ಎಂದು ಅವರ ಆಸೆ. ಕಾರ್ಡನ್ನು ಮೇಲಿನ ಜೇಬಿನಲ್ಲೇ ಸಿದ್ಧ ಇಟ್ಟುಕೊಂಡಿರುತ್ತಾರೆ. ಕಂಡಕ್ಟರು ಟೋಕನ್ ಹಿಡಿದ ಕೈಯನ್ನಷ್ಟೇ ನೋಡಿ, ಮಾತಾಡದೆ ಇಸಿದುಕೊಂಡು ಮುಂದೆ ಹೋದ.

ರಾಯರು ಮನೆಗೆ ಬಂದು ಕಿಟಕಿ ಬೆಳಕಿಗೆ ಅಂಗೈ ಮಗುಚಿ ನೋಡಿಕೊಂಡರು. ಐದು ಚುಕ್ಕೆಯ ಮುದ್ರೆಯಲ್ಲಿ ಕೈಗಳಿಗೆ ಪಾಲು ಇರಲೇ ಇಲ್ಲ. ನರ ಉಬ್ಬಿ, ಚರ್ಮ ಕಾಗದದಷ್ಟು ತೆಳ್ಳಗಾಗಿ, ಅಲ್ಲಲ್ಲಿ ಕಂದು ಮಚ್ಚೆ. ಹುಟ್ಟಿದ ತಾರೀಕು ಬರೆದಿಟ್ಟಂತೆಯೇ ಇದ್ದವು. ಕೈಗೂ ಹಚ್ಚುವುದಾದರೆ ಟ್ಯೂಬು ಎಷ್ಟು ದಿನ ಬಂದೀತು ಎಂದು ಪೆನ್ನು ಹಿಡಿದರು, ಲೆಕ್ಕ ಮುಗಿಸಿ ಪೆನ್ನು ಇಟ್ಟರು. ಅಗ್ಗದ ದಾರಿಯೊಂದು ಹೊಳೆದಿತ್ತು: ಟೋಕನ್ನನ್ನು ಮಾಮಿಯ ಕೈಯಲ್ಲಿ ಕೊಡಿಸುವುದು.

ಸಾಧಾರಣ ಬಸ್ಸಿನಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ಟಿಗೆ ಕಾಸೇ ಇಲ್ಲ, ಆದ್ದರಿಂದ ಮಾಮಿಗೆ ಟೋಕನ್ನೂ ಬೇಡ, ವಯಸ್ಸಿನ ರುಜುವಾತೂ ಬೇಡ. ಎಡಗಡೆ ನೆರಳಿನಲ್ಲಿ ಕೂತಿದ್ದ ಅವರು ಟೋಕನ್ ನೀಡಿದಾಗ ಕಂಡಕ್ಟರು ಟೋಕನ್ನನ್ನು ನೋಡಿದ, ಮಾಮಿಯನ್ನು ನೋಡಿದ, ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದ:

‘ತಾತ್ತಾ ಎಂಗಮ್ಮಾ?’

ಮಾಮಿ ಬಲಗಡೆಯ ಸಾಲಿನ ಕಡೆ ಬೆರಳು ಮಾಡಿದರು.